ಹಲಗಿಗೂ ಒಂದು ಅಂಕಿತ ಬೇಕು

ಪೋಸ್ಟ್ ಉದ್ದ ಅದ. ಪುರುಸೊತ್ತಿದ್ದಾಗ ಪೂರ್ತಿ ಓದ್ರಿ. ಅರ್ಧ ಓದಿ ಕಮೆಂಟಿನಲ್ಲಿ ಜಗಳಕ್ಕೆ ಬರಬ್ಯಾಡ್ರಿ.

ಇದನ್ನ ಎರಡು ಥರದ ಮಂದಿಗೆ ಬರೀತಿದ್ದೀನಿ. "ಹಲಗಿ ಬಡಿಯೋದು ಸಂಗೀತ ಅಲ್ಲ, ಗದ್ದಲ" ಅನ್ನೋರು ಒಂದು ಕಡೆ. "ಹಲಗಿ ಅಂದ್ರೆ ಗುಲಾಮಗಿರಿ, ಅದನ್ನ ಸುಟ್ಟು ಹಾಕ್ರಿ" ಅನ್ನೋ ನಮ್ಮವರೇ ಇನ್ನೊಂದು ಕಡೆ. ಮೊದಲನೆಯವರ ಜೊತೆ ನನಗೆ ಜಗಳ ಅದ. ಎರಡನೆಯವರ ಜೊತೆ ಮಾತು ಅದ.

ಮೊದಲು ಜಗಳ ಮುಗಿಸ್ತೀನಿ.

ನಾನು ಗುಮಾಸ್ತ. ಬಿಲ್ಲು, ವೋಚರ್, ಟಪಾಲು ನೋಡೋದೇ ನನ್ನ ಕಸುಬು. ಒಂದು ಸಾಂಸ್ಕೃತಿಕ ಕಾರ್ಯಕ್ರಮದ ಖರ್ಚಿನ ಪಟ್ಟಿ ಒಮ್ಮೆ ನನ್ನ ಕಣ್ಣಿಗೆ ಬಿತ್ತು. ಯಾರದು, ಎಲ್ಲಿಯದು ಅಂತ ಹೇಳೋದಿಲ್ಲ. ಒಂದೇ ಕಡೆ ಹಿಂಗ ನಡೆದಿದ್ರೆ ಹೇಳ್ತಿದ್ದೆ. ಗಾಯಕರ ಹೆಸರು, ಮುಂದೆ 'ಗೌರವ ಸಂಭಾವನೆ'. ತಬಲಾ, ಹಾರ್ಮೋನಿಯಂ ನುಡಿಸಿದವರ ಹೆಸರು, ಮುಂದೆ 'ಗೌರವ ಸಂಭಾವನೆ'. ಕೆಳಗೆ ಶಾಮಿಯಾನ, ಮೈಕ್‌ಸೆಟ್, ನೀರಿನ ಕ್ಯಾನ್. ಅದರ ಕೆಳಗೆ ಕಡೇ ಸಾಲು: 'ಹಲಗೆ ತಂಡ, ಕೂಲಿ'. ಹೆಸರಿಲ್ಲ. ಎಷ್ಟು ಮಂದಿ ಅಂತಲೂ ಇಲ್ಲ.

ಮೆರವಣಿಗೆಯ ಮುಂದೆ ಎರಡು ತಾಸು ಬಿಸಿಲಲ್ಲಿ ಬಾರಿಸಿದವರು ನೀರಿನ ಕ್ಯಾನಿನ ಕೆಳಗೆ ಬಂದರು. ಒಬ್ಬರಿಗೆ ಸಂಭಾವನೆ, ಒಬ್ಬರಿಗೆ ಕೂಲಿ. 'ಶಾಸ್ತ್ರೀಯ' ಮತ್ತು 'ಜಾನಪದ' ಅಂತ ಪಂಡಿತರು ನೂರು ಪುಟ ಬರೆದು ವಿವರಿಸೋ ವ್ಯತ್ಯಾಸ ಆ ವೋಚರಿನಲ್ಲಿ ಎರಡೇ ಶಬ್ದದಲ್ಲಿ ಇತ್ತು.

ಈಗ ಕಲ್ಯಾಣದ ಮಾತಿಗೆ ಬರ್ತೀನಿ. ನಮ್ಮ ಬಸವಕಲ್ಯಾಣಕ್ಕೆ ಸಂಗೀತ ಹೊರಗಿಂದ ಯಾರೋ ತಂದುಕೊಟ್ಟದ್ದಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಲ್ಲಿ 12ನೇ ಶತಮಾನದ ಮೊದಲರ್ಧದಲ್ಲಿ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬಂತು. ಅದರಲ್ಲಿ ಹಾಡಿಗೆ, ವಾದ್ಯಕ್ಕೆ, ಕುಣಿತಕ್ಕೆ ಬೇರೆ ಬೇರೆ ಅಧ್ಯಾಯಗಳೇ ಇವೆ. ಅವನ ಮಗ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಬರೆದ. ಇವನ್ನ ಸಂಗೀತ ಪಂಡಿತರು ಹೆಮ್ಮೆಯಿಂದ ಹೇಳ್ತಾರೆ. ಹೇಳಲಿ. ಆದರೆ ಅದೇ ಮಾನಸೋಲ್ಲಾಸದಲ್ಲಿ ಇನ್ನೊಂದು ವಿಷಯ ಅದ: ಮಹಾರಾಷ್ಟ್ರದ ಹೆಣ್ಣುಮಕ್ಕಳು ಕಾಳು ಕುಟ್ಟುವಾಗ ಓವಿ ಹಾಡ್ತಾರೆ ಅನ್ನೋ ಮಾತು. ಅಂದ್ರೆ ರಾಜನ ಶಾಸ್ತ್ರಕ್ಕೂ ಒನಕೆಯ ಸದ್ದು ಬೇಕಾಯ್ತು. ಹಾಡು ಗ್ರಂಥದೊಳಗೆ ಹೋಯ್ತು. ಗ್ರಂಥದ ಮೇಲೆ ರಾಜನ ಹೆಸರು ಬಂತು. ಕುಟ್ಟುತ್ತಾ ಹಾಡಿದವಳ ಹೆಸರು ಏನಿತ್ತು?

ಅದಾಗಿ ಒಂದು ತಲೆಮಾರು ಕಳೆಯೋದರೊಳಗೆ ಇದೇ ಊರಲ್ಲಿ ಶರಣರು ಆ ಪ್ರಶ್ನೆಗೆ ಉತ್ತರ ಕೊಟ್ಟರು. ಏನು ಉತ್ತರ? ಅಂಕಿತ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ, ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ, ಇವರ ಮಾತಿಗೆಲ್ಲ ಕಡೆಗೆ ಒಂದು ಅಂಕಿತ ಇರ್ತದ. ಭಕ್ತಿ ಕಣ್ಣಿಂದ ನೋಡಿದ್ರೆ ಅದು ಇಷ್ಟದೈವದ ಹೆಸರು. ಗುಮಾಸ್ತನ ಕಣ್ಣಿಂದ ನೋಡಿದ್ರೆ ಅದು ಸಹಿ. 'ಈ ಮಾತು ನನ್ನದು' ಅನ್ನೋ ಸಹಿ. ಸಹಿ ಇಲ್ಲದ ಫೈಲು ಮುಂದಿನ ಟೇಬಲಿಗೆ ಹೋಗೋದಿಲ್ಲ, ನಿಮಗೂ ಗೊತ್ತು. ಕೆರ ಹೊಲೆಯೋರು, ತೊಗಲು ಹದ ಮಾಡೋರು ಸಹಿ ಹಾಕಿದ್ದಕ್ಕೇ ಅವರ ಮಾತು ಎಂಟುನೂರು ವರ್ಷ ದಾಟಿ ಬಂತು.

ಆ ಶರಣರ ನಡುವೆ ಡಕ್ಕೆಯ ಬೊಮ್ಮಣ್ಣ ಇದ್ದ. ಮಾರಿಯನ್ನ ಹೊತ್ತು ಡಕ್ಕೆ ಬಾರಿಸೋದು ಅವನ ಕಾಯಕ. ಕಿನ್ನರಿ ನುಡಿಸೋ ಬೊಮ್ಮಯ್ಯ ಇದ್ದ. ವೇಷ ಕಟ್ಟೋ ಬಹುರೂಪಿ ಚೌಡಯ್ಯ ಇದ್ದ. ಡಕ್ಕೆ ಬಾರಿಸೋನು ಅನುಭಾವಿಯಾಗಿ, ಬರಹಗಾರನಾಗಿ ಕೂತ ಊರು ಇದು. ಈಗ ಅದೇ ಊರಿನ ವೇದಿಕೆ ಮ್ಯಾಲೆ ಹಲಗಿಯವನಿಗೆ ಕುರ್ಚಿ ಇಲ್ಲ.

ಮಲ್ಲಿಕಾರ್ಜುನ ಮನಸೂರರು ವಚನ ಹಾಡಿದರು, ಬಸವರಾಜ ರಾಜಗುರು ಹಾಡಿದರು, ನಮ್ಮ ಭಾಗದ ಸಿದ್ಧರಾಮ ಜಂಬಲದಿನ್ನಿಯವರು ಅದಕ್ಕೇ ಹೆಸರಾದರು. ನಾನು ಆ ಧ್ವನಿ ಕೇಳ್ತಾ ಬೆಳೆದವನು. ಅವರ ಮ್ಯಾಲೆ ನನಗೆ ಒಂದು ಸಾಸಿವೆಯಷ್ಟು ಸಿಟ್ಟಿಲ್ಲ. ಆದರೆ ನಡೆದದ್ದು ಏನು ನೋಡ್ರಿ. ಮಾದಾರ ಚೆನ್ನಯ್ಯನ ಮಾತು ತಂಬೂರಿ ಜೊತೆ ವೇದಿಕೆ ಹತ್ತಿತು. ಅವನ ಕೇರಿಯ ತಾಳ ಗೇಟಿನ ಹೊರಗೇ ನಿಂತಿತು. ನಮ್ಮ ಮಾತಿಗೆ ಅಂಕಿತ ಸಿಕ್ಕಿತು, ನಮ್ಮ ತಾಳಕ್ಕೆ ಇನ್ನೂ ಸಿಕ್ಕಿಲ್ಲ.

"ನಿಮ್ಮ ಸೀಮೆಯವರಿಗೆ ಶಾಸ್ತ್ರೀಯ ಸಂಗೀತದ ಗಂಧ ಇಲ್ಲ, ಅದಕ್ಕೇ ಹಿಂಗ ಮಾತಾಡ್ತೀರಿ" ಅನ್ನೋರಿಗೆ ಒಂದು ಮಾತು. ಹುಮನಾಬಾದಿಗೆ ಹತ್ತಿಕೊಂಡೇ ಮಾಣಿಕನಗರ ಅದ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಸಕಲಮತ ಸಂಪ್ರದಾಯ ಕಟ್ಟಿದರು. ಮರಾಠಿ, ಕನ್ನಡ, ಹಿಂದಿಯಲ್ಲಿ ಪದ ಕಟ್ಟಿದರು, ತಮ್ಮ ಹೆಸರನ್ನೇ ಮುದ್ರೆ ಮಾಡಿ ಇಟ್ಟರು. ದತ್ತ ಜಯಂತಿಗೆ ಅಲ್ಲಿ ಸಂಗೀತ ದರ್ಬಾರು ನಡೆದು ಬಂದದ. ಇತ್ತ ಬಸವಕಲ್ಯಾಣದಲ್ಲಿ ವಚನ, ಅತ್ತ ಹುಮನಾಬಾದಿನಲ್ಲಿ ರಾಗ, ನಡುವೆ ಊರೂರಿಗೆ ತತ್ವಪದ, ಮೊಹರಮ್ಮಿನ ಪದ, ಏಪ್ರಿಲ್ 14 ಬಂದರೆ ಮರಾಠಿಯ ಭೀಮಗೀತೆ. ನಮ್ಮ ಕಿವಿ ಬಡವ ಅಲ್ರೀ. ನಮ್ಮ ಕಿಸೆ ಬಡವ, ಅಷ್ಟೇ.

ಇನ್ನು 'ಶುದ್ಧ' ಅನ್ನೋ ಮಾತು. ತಬಲಾದ ಬಾಯಿಗೆ ಮೇಕೆಯ ತೊಗಲು. ಮೃದಂಗಕ್ಕೆ ಹಸು, ಎಮ್ಮೆ, ಆಡು ಮೂರರ ತೊಗಲೂ ಬೇಕು. ಅದನ್ನ ಹದ ಮಾಡೋ ಕೈ ಯಾರದು? ಟಿ.ಎಂ. ಕೃಷ್ಣ ಮೃದಂಗ ಮಾಡೋ ಕುಟುಂಬಗಳ ಬಗ್ಗೆ, ಬಹಳಷ್ಟು ದಲಿತ ಕ್ರೈಸ್ತರು ಅವರು, 'ಸೆಬಾಸ್ಟಿಯನ್ ಆ್ಯಂಡ್ ಸನ್ಸ್' ಅಂತ ಪುಸ್ತಕ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನ ಚೆನ್ನೈನ ಕಲಾಕ್ಷೇತ್ರ ಕಾರ್ಯಕ್ರಮಕ್ಕೆ ಕೆಲವೇ ದಿನ ಮುಂಚೆ ವಾಪಸ್ ತಗೊಂಡಿತು. ತೊಗಲಿಗೆ ವೇದಿಕೆ ಅದ, ತೊಗಲಿನ ಕಥೆಗೆ ಇಲ್ಲ.

ರಾಗಗಳ ಕಥೆಯೂ ಅಷ್ಟೇ. ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ, ಅಂದ್ರೆ ಕುಮಾರ ಗಂಧರ್ವರು, ಕ್ಷಯ ಹಿಡಿದು ಮಧ್ಯಪ್ರದೇಶದ ದೇವಾಸಿನಲ್ಲಿ ಮಲಗಿದ್ದಾಗ ಮಾಳವದ ಹಳ್ಳಿ ಮಂದಿಯ ಹಾಡು ಕೇಳಿದರು. ಆ ಧುನ್‌ಗಳಿಂದಲೇ ಹೊಸ ರಾಗ ಕಟ್ಟಿದರು, ಎಲ್ಲಿಂದ ಬಂತು ಅನ್ನೋದನ್ನ ಮುಚ್ಚಿಡಲಿಲ್ಲ. ದೊಡ್ಡ ಮನುಷ್ಯ. ಆದರೂ ರಾಗದ ಜೊತೆ ನಮಗೆ ನೆನಪಿರೋದು ಅವರ ಹೆಸರು ಮಾತ್ರ. ಆ ಹಾಡು ಹಾಡಿದ ಹೆಣ್ಣುಮಕ್ಕಳು 'ಲೋಕ' ಆಗಿಬಿಟ್ಟರು. ಲೋಕಕ್ಕೆ ಹೆಸರು ಇರೋದಿಲ್ಲ, ಪಗಾರ ಇರೋದಿಲ್ಲ, ಪದ್ಮ ಪ್ರಶಸ್ತಿ ಬರೋದಿಲ್ಲ.

"ಸಂಗೀತಕ್ಕೆ ಜಾತಿ ಇಲ್ಲ" ಅಂತೀರಾ? ಗಂಗೂಬಾಯಿ ಹಾನಗಲ್ಲರು ಚಿಕ್ಕವರಿದ್ದಾಗ ಪಕ್ಕದ ಮನೆಯವರ ತೋಟಕ್ಕೆ ಮಾವಿನಕಾಯಿ ಕದಿಯಲು ಹೋದರಂತೆ. ಮನೆಯವರಿಗೆ ಸಿಟ್ಟು ಬಂದದ್ದು ಕಳವಿಗಲ್ಲ, ಹಾಡೋರ ಮನೆ ಹುಡುಗಿ ತೋಟದೊಳಗೆ ಕಾಲಿಟ್ಟಳಲ್ಲ ಅಂತ. ಅದನ್ನ ಅವರೇ ಹೇಳಿಕೊಂಡಾರೆ. ಮುಂದೆ ದೊಡ್ಡ ಗಾಯಕಿ ಆದ ಮ್ಯಾಲೆ ಅದೇ ಮಂದಿ ಮನೆಗೆ ಕರೆದರು ಅಂತಲೂ ಹೇಳ್ಯಾರೆ. ಇವತ್ತು ಅವರ ಹೆಸರಿನ ವಿಶ್ವವಿದ್ಯಾಲಯವೇ ಮೈಸೂರಲ್ಲಿ ಅದ. ಜಾತಿ ಇಲ್ಲದಿದ್ರೆ ಆ ಬೇಲಿ ಯಾಕ ಇತ್ತು?

ಹೌದು, ಗದುಗಿನ ವೀರೇಶ್ವರ ಪುಣ್ಯಾಶ್ರಮ ಅದ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿ ಸ್ವರ ಕಲಿಸಿದರು. ಅವರಿಗೆ ಕೈ ಮುಗೀತೀನಿ. ಆದರೆ ಆ ಆಶ್ರಮ ನಮ್ಮ ಮಕ್ಕಳಿಗೆ ರಾಗ ಕಲಿಸಿತು. ನಮ್ಮ ಮಕ್ಕಳಿಂದ ಹಲಗಿ ಕಲಿಯೋ ಶಾಲೆ ಎಲ್ಲಿ ಅದ?

ಜಗಳ ಮುಗೀತು. ಈಗ ನಮ್ಮವರ ಜೊತೆ ಮಾತು. ಇದೇ ಭಾಳ ಮುಖ್ಯ.

ಸಂಗಾತಿಗಳೇ, ನಿಮ್ಮ ಸಿಟ್ಟು ನನಗೆ ಅರ್ಥ ಆಗ್ತದ. ಸತ್ತ ಮನಿ ಮುಂದೆ ಬಿಟ್ಟಿ ಬಾರಿಸು, ಜಾತ್ರೆಯಲ್ಲಿ ಬಿಟ್ಟಿ ಬಾರಿಸು, ಡಂಗುರ ಸಾರು, ಬಾರಿಸಿ ಮುಗಿದ ಮ್ಯಾಲೆ ದೂರ ಕೂತು ಉಣ್ಣು. ಬಾರಿಸಲ್ಲ ಅಂದ್ರೆ ಬಹಿಷ್ಕಾರ. ನಮ್ಮ ಅಪ್ಪ, ಅಜ್ಜಂದಿರ ಹೆಗಲ ಮ್ಯಾಲಿನ ಹಲಗಿ ವಾದ್ಯ ಆಗಿರಲಿಲ್ಲ, ನೊಗ ಆಗಿತ್ತು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯೋದು ಬಿಡ್ರಿ ಅಂದಾಗ ಅದರ ಹಿಂದೆ ಇದ್ದ ವಿಚಾರ ಇದೇ: ಜಾತಿ ಹೇರಿದ ಚಾಕರಿ ಕಸುಬು ಅಲ್ಲ, ಶಿಕ್ಷೆ. ಬಿಟ್ಟಿ ಚಾಕರಿ ಮಾಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ಒಲ್ಲೆ ಅಂದವನ ಕೈಗೆ ಹಲಗಿ ಕೊಡೋ ಹಕ್ಕು ಯಾರಪ್ಪನಿಗೂ ಇಲ್ಲ. ಇದರಲ್ಲಿ ರಾಜಿ ಇಲ್ಲ.

ಆದರೆ ಬಿಟ್ಟಿ ಚಾಕರಿ ಸುಡಬೇಕೋ, ತಾಳ ಸುಡಬೇಕೋ?

ಈ ಪ್ರಶ್ನೆಯನ್ನ ನಮಗಿಂತ ಮೊದಲು ಎದುರಿಸಿದ ಒಂದು ಜನ ಅದ. ಅಮೆರಿಕದ ಕಪ್ಪು ಜನ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಅವರ ಸಿಂಫನಿ ಕೇಳೋ ಚಟ ನನಗೆ ಹತ್ತಿ ಕೆಲವು ವರ್ಷ ಆಯ್ತು. ಅವರ ಕಥೆ ಹೇಳ್ತೀನಿ, ನಮ್ಮದಕ್ಕೆ ಹೋಲಿಸಿ ನೋಡ್ರಿ.

1739ರಲ್ಲಿ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು. ಡ್ರಮ್ ಬಾರಿಸಿ ಜನ ಕೂಡಿಸಿದ್ರು ಅನ್ನೋ ಭಯಕ್ಕೆ 1740ರ ಕಾನೂನು ಗುಲಾಮರಿಗೆ ಡ್ರಮ್ಮನ್ನೇ ನಿಷೇಧ ಮಾಡಿತು. ಅವರೇನು ಮಾಡಿದ್ರು? ಕೈ, ತೊಡೆ, ಎದಿ ತಟ್ಟಿ ತಾಳ ಉಳಿಸಿಕೊಂಡರು. ಅದಕ್ಕೆ ಜೂಬಾ ಅಂತಾರೆ. ಅಲ್ಲಿ ಯಜಮಾನರು ಡ್ರಮ್ ಕಸಿದುಕೊಂಡು ಗುಲಾಮ ಮಾಡಿದರು. ಇಲ್ಲಿ ಹಲಗಿ ಹೆಗಲಿಗೆ ಹೇರಿ ಗುಲಾಮ ಮಾಡಿದರು. ದಾರಿ ಬ್ಯಾರೆ, ಉದ್ದೇಶ ಒಂದೇ: ತಾಳ ನಿನ್ನದು, ಆದರೆ ಯಾವಾಗ ಬಾರಿಸಬೇಕು ಅನ್ನೋ ಹುಕುಂ ನನ್ನದು.

ಗುಲಾಮಗಿರಿ ಹೋದ ಮ್ಯಾಲೆ ಅಲ್ಲಿನ ಓದಿದ ಹುಡುಗರಿಗೂ ನಿಮ್ಮಂಥದೇ ಸಂಕಟ ಆಯ್ತು. ಬಿಡುಗಡೆಯಾದವರಿಗಾಗಿ ಕಟ್ಟಿದ ಫಿಸ್ಕ್ ವಿಶ್ವವಿದ್ಯಾಲಯ ದುಡ್ಡಿಲ್ಲದೆ ಮುಚ್ಚೋ ಹಂತಕ್ಕೆ ಬಂದಾಗ, 1871ರಲ್ಲಿ ಅಲ್ಲಿನ ವಿದ್ಯಾರ್ಥಿಗಳ ತಂಡ ಊರೂರು ಹಾಡಲು ಹೊರಟಿತು. ಹೆಸರು ಜುಬಿಲಿ ಸಿಂಗರ್ಸ್. ಗುಲಾಮಗಿರಿ ಕಾಲದ ಹಾಡುಗಳನ್ನ ಬಿಳಿಯರ ಮುಂದೆ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಅವು ನೋವಿನವು, ಮನೆಯೊಳಗಿನವು. ಕಡೆಗೆ ಹಾಡಿದರು, ತಮ್ಮ ಷರತ್ತಿನ ಮ್ಯಾಲೆ, ತಮ್ಮ ಸಂಸ್ಥೆಗಾಗಿ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಮುಂದೆಯೂ ಹಾಡಿದರು. ಆ ದುಡ್ಡಿನಿಂದ ಕಟ್ಟಿದ ಜುಬಿಲಿ ಹಾಲ್ ಇವತ್ತಿಗೂ ನಿಂತದ. ಹೊಲದಲ್ಲಿ ಹುಟ್ಟಿದ ಹಾಡಿನಿಂದ ಕಾಲೇಜು ಎದ್ದು ನಿಂತಿತು.

ಮುಂದಿನದು ಇನ್ನೂ ಮಜಾ. ಅಮೆರಿಕದ ಬಿಳಿಯ ಸಂಗೀತಗಾರರು ಆಗ ಯೂರೋಪನ್ನ ನಕಲು ಮಾಡ್ತಿದ್ದರು. ನಮ್ಮ ದೇಶದ್ದು ಅನ್ನೋ ಸಂಗೀತ ಯಾವುದು ಅಂತ ಹುಡುಕ್ತಿದ್ದರು. 1892ರಲ್ಲಿ ಬೊಹೀಮಿಯಾದಿಂದ ಡ್ವೋರ್ಜಾಕ್ ಅನ್ನೋ ದೊಡ್ಡ ಸಂಗೀತಗಾರ ನ್ಯೂಯಾರ್ಕಿನ ಸಂಗೀತ ಶಾಲೆಗೆ ಮುಖ್ಯಸ್ಥನಾಗಿ ಬಂದ. ಅಲ್ಲಿ ಹ್ಯಾರಿ ಬರ್ಲೆ ಅನ್ನೋ ಕಪ್ಪು ವಿದ್ಯಾರ್ಥಿ ಅವನಿಗೆ ಗುಲಾಮರ ಹಾಡುಗಳನ್ನ ಹಾಡಿ ಕೇಳಿಸಿದ. 1893ರಲ್ಲಿ ಡ್ವೋರ್ಜಾಕ್ ಪತ್ರಿಕೆಯಲ್ಲಿ ಘೋಷಣೆ ಮಾಡಿಬಿಟ್ಟ: ಅಮೆರಿಕದ ಸಂಗೀತಕ್ಕೆ ಅಡಿಪಾಯ ಕಪ್ಪು ಜನರ ಹಾಡುಗಳೇ ಅಂತ. ಅದೇ ಡಿಸೆಂಬರಿನಲ್ಲಿ ಅವನ 'ನ್ಯೂ ವರ್ಲ್ಡ್' ಸಿಂಫನಿ ಕಾರ್ನೆಗಿ ಹಾಲಿನಲ್ಲಿ ನಡೆದು ಜಗತ್ತಿಗೆಲ್ಲ ಹೆಸರಾಯ್ತು. ಡ್ವೋರ್ಜಾಕನ ಹೆಸರು ಎಲ್ಲರಿಗೂ ಗೊತ್ತು. ಬರ್ಲೆ ಹೆಸರು ನಿಮ್ಮಲ್ಲಿ ಎಷ್ಟು ಮಂದಿ ಕೇಳೀರಿ?

ಆದರೆ ಕಥೆ ಇಲ್ಲಿಗೆ ನಿಲ್ಲಲಿಲ್ಲ. ಇಲ್ಲಿಂದಲೇ ನಮಗೆ ಪಾಠ ಅದ. ಬರ್ಲೆ ಸುಮ್ನೆ ಕೂಡಲಿಲ್ಲ. ಆ ಹಾಡುಗಳನ್ನ ಸಂಗೀತ ಕಚೇರಿಗೆ ಹೊಂದೋ ಹಂಗ ಸ್ವರಲಿಪಿ ಹಾಕಿ ತನ್ನ ಹೆಸರಲ್ಲೇ ಅಚ್ಚು ಹಾಕಿಸಿದ. ಡು ಬೋಯಿಸ್ 1903ರ ತಮ್ಮ ಪುಸ್ತಕದಲ್ಲಿ ಅಧ್ಯಾಯದ ತಲೆ ಮ್ಯಾಲೆ ಆ ಹಾಡುಗಳ ಸ್ವರಲಿಪಿ ಇಟ್ಟರು. ಬಾಬಾಸಾಹೇಬರು ಮುಂದೆ 1946ರಲ್ಲಿ ಪತ್ರ ಬರೆದದ್ದು ಇದೇ ಡು ಬೋಯಿಸ್‌ಗೆ, ನೆನಪಿಡ್ರಿ. ವಿಲಿಯಂ ಗ್ರಾಂಟ್ ಸ್ಟಿಲ್ 'ಆಫ್ರೋ-ಅಮೆರಿಕನ್ ಸಿಂಫನಿ' ಬರೆದ. ಬ್ಲೂಸನ್ನೇ ಅದರ ಬೆನ್ನೆಲುಬು ಮಾಡಿದ, ಬ್ಯಾಂಜೋ ವಾದ್ಯವನ್ನ ಆರ್ಕೆಸ್ಟ್ರಾದೊಳಗೆ ಕೂಡಿಸಿದ. 1931ರಲ್ಲಿ ಅದು ವೇದಿಕೆ ಹತ್ತಿತು.

ಕಡೆಗೆ ಫ್ಲಾರೆನ್ಸ್ ಪ್ರೈಸ್ ಅನ್ನೋ ಹೆಣ್ಣುಮಗಳು. 1887ರಲ್ಲಿ ಅರ್ಕಾನ್ಸಾದ ಲಿಟಲ್ ರಾಕ್‌ನಲ್ಲಿ ಹುಟ್ಟಿದಳು. ಬಾಸ್ಟನ್ನಿನ ಸಂಗೀತ ಕಾಲೇಜಿಗೆ ಸೇರಿದಾಗ ತನ್ನ ಊರು ಮೆಕ್ಸಿಕೋದ್ದು ಅಂತ ಬರೆಸಬೇಕಾಯ್ತು, ಕಪ್ಪು ಹುಡುಗಿ ಅಂತ ಗೊತ್ತಾಗಬಾರದು ಅಂತ. ಅಡ್ಡಹೆಸರು ಬದಲಿಸಿಕೊಂಡು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕೋ ನಮ್ಮ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಾ? 1933ರ ಜೂನ್ 15ಕ್ಕೆ ಶಿಕಾಗೋ ಸಿಂಫನಿ ಅವಳ ಮೊದಲ ಸಿಂಫನಿ ನುಡಿಸಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಒಬ್ಬ ಕಪ್ಪು ಹೆಣ್ಣುಮಗಳ ಸಿಂಫನಿ ನುಡಿಸಿದ್ದು ಅದೇ ಮೊದಲು. ಅದರ ಮೂರನೇ ಭಾಗದ ಹೆಸರು ಏನು ಗೊತ್ತಾ? ಜೂಬಾ. ಎದಿ ತಟ್ಟಿ ಉಳಿಸಿದ ಅದೇ ತಾಳ. ಆ ಸಿಂಫನಿಯಲ್ಲಿ ಆಫ್ರಿಕನ್ ಡ್ರಮ್ಮಿಗೂ ಜಾಗ ಇಟ್ಟಿದ್ದಳು. 1740ರಲ್ಲಿ ಕಾನೂನು ಕಸಿದ ಡ್ರಮ್, 1933ರಲ್ಲಿ ಆರ್ಕೆಸ್ಟ್ರಾದೊಳಗೆ ವಾಪಸ್ ಬಂದು ಕೂತಿತು. ತಂದವಳು ಆ ಜನರ ಮಗಳೇ.

ಎಲ್ಲ ಗೆದ್ದುಬಿಟ್ಟಳು ಅಂತ ಹೇಳಲ್ಲ. 1943ರಲ್ಲಿ ಬಾಸ್ಟನ್ ಆರ್ಕೆಸ್ಟ್ರಾದ ಮುಖ್ಯಸ್ಥನಿಗೆ ಪತ್ರ ಬರೆದಳು: ನಾನು ಹೆಣ್ಣು, ನನ್ನ ಮೈಯಲ್ಲಿ ಕಪ್ಪು ರಕ್ತ ಅದ, ಇವೆರಡು ನನಗೆ ಅಡ್ಡಿ, ನನ್ನ ಸಂಗೀತವನ್ನ ಅದರ ಯೋಗ್ಯತೆ ಮ್ಯಾಲಷ್ಟೇ ನೋಡ್ರಿ ಅನ್ನೋ ಅರ್ಥದ್ದು. ಅವನು ಅವಳ ಸಂಗೀತ ನುಡಿಸಲಿಲ್ಲ. 1953ರಲ್ಲಿ ತೀರಿಕೊಂಡಳು. 2009ರಲ್ಲಿ ಇಲಿನಾಯ್ಸಿನಲ್ಲಿ ಅವಳ ಪಾಳುಬಿದ್ದ ಹಳೇ ಮನೆಯೊಳಗೆ ಹಸ್ತಪ್ರತಿಗಳ ರಾಶಿ ಸಿಕ್ಕಿತು. ಈಗ ಜಗತ್ತಿನ ಆರ್ಕೆಸ್ಟ್ರಾಗಳು ಅದನ್ನ ನುಡಿಸ್ತಿವೆ. ಯಾಕ ಸಾಧ್ಯ ಆಯ್ತು? ಅವಳು ಬರೆದಿಟ್ಟಿದ್ದಳು. ಕೆಳಗೆ ಹೆಸರು ಹಾಕಿದ್ದಳು. ಹೆಸರು ಇದ್ದದ್ದಕ್ಕೇ ಅರವತ್ತು ವರ್ಷ ತಡವಾದರೂ ನ್ಯಾಯ ಅವಳ ವಿಳಾಸ ಹುಡುಕ್ಕೊಂಡು ಬಂತು.

ನಮ್ಮ ಹಲಗಿ ಹಿರಿಯರು ತೀರಿಕೊಂಡರೆ ಯಾವ ಮನೆಯಲ್ಲಿ ಏನು ಸಿಗ್ತದ ಹೇಳ್ರಿ?

ಒಂದು ಸಣ್ಣ ಹುಲ್ಲಿನ ಬೆಂಕಿ ಹಚ್ಚಿ, ಹಲಗಿ ಕಾಯಿಸಿ, ಬೆರಳಿಂದ ತಟ್ಟಿ ಕಿವಿಗೊಟ್ಟು ಶ್ರುತಿ ನೋಡೋ ಮುದುಕರು ಇನ್ನೂ ಅದಾರೆ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ. ಮದುವಿಗೆ ಒಂದು ನಡೆ, ಮಣ್ಣಿಗೆ ಒಂದು ನಡೆ, ದೇವರಿಗೆ ಒಂದು, ಡಂಗುರಕ್ಕೆ ಒಂದು. ದೂರದಿಂದ ಕೇಳಿದವರಿಗೆ ಊರಲ್ಲಿ ಮದುವೆಯೋ ಸಾವೋ ಗೊತ್ತಾಗ್ತದ. ಇದು ವ್ಯಾಕರಣ ಅಲ್ಲದೆ ಮತ್ತೇನು? ಬಾಗಲಕೋಟೆಯ ಹೋಳಿಗೆ ಎಲ್ಲಾ ಜಾತಿಯವರೂ ಹಲಗಿ ಹೆಗಲಿಗೆ ಹಾಕ್ಕೊಂಡು ಬಾರಿಸ್ತಾರೆ. ಬಣ್ಣ ತೊಳೆದ ಮ್ಯಾಲೆ ಅದು ಮತ್ತೆ 'ಅವರ' ವಾದ್ಯ ಆಗ್ತದ. ಸಂತೋಷಕ್ಕೆ ಎಲ್ಲರದು, ಸಾವಿಗೆ ನಮ್ಮದು. ನಾವು ಬಿಟ್ಟು ಎದ್ದು ಹೋದ್ರೆ ಏನಾಗ್ತದ ಯೋಚನೆ ಮಾಡ್ರಿ. ಇನ್ನು ಇಪ್ಪತ್ತು ವರ್ಷಕ್ಕೆ ಯಾರೋ ಒಬ್ಬ ಪಂಡಿತ 'ಹಲಗೆ ಘರಾಣಾ' ಅಂತ ಶುರು ಮಾಡ್ತಾನ, ಪ್ರಶಸ್ತಿ ತಗೋತಾನ, ಭಾಷಣದಲ್ಲಿ 'ಅನಾಮಿಕ ಜನಪದರಿಗೆ ನಮನ' ಅಂತಾನ. ನಾವು ಶಾಮಿಯಾನದ ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು.

ಅದಕ್ಕೇ ನನ್ನ ಬೇಡಿಕೆ ಇವು. ಭಿಕ್ಷೆ ಅಲ್ಲ, ಬೇಡಿಕೆ.

1. ಆಮಂತ್ರಣ ಪತ್ರಿಕೆಯಲ್ಲಿ 'ಹಲಗೆ ತಂಡ' ಅಂತ ಬರೀಬ್ಯಾಡ್ರಿ. ಎಂಟು ಮಂದಿ ಬಾರಿಸಿದ್ರೆ ಎಂಟು ಹೆಸರು ಹಾಕ್ರಿ. ನಮ್ಮ ಸಂಘಟನೆಗಳಿಗೂ ಇದೇ ಮಾತು. ಏಪ್ರಿಲ್ 14ರ ಬ್ಯಾನರಿನಲ್ಲಿ ಮುಖಂಡರ ಫೋಟೋ ಇಪ್ಪತ್ತು, ವಾದ್ಯದವರ ಹೆಸರು ಸೊನ್ನೆ. ಇದು ನಮ್ಮೊಳಗಿನ ಮನುವಾದ.

2. ಕೂಲಿ ಅಲ್ಲ, ಗೌರವ ಸಂಭಾವನೆ. ಶಬ್ದ ಬದಲಿಸ್ರಿ, ಮೊತ್ತವನ್ನೂ ಬದಲಿಸ್ರಿ.

3. ಹಲಗಿಯ ಒಂದೊಂದು ನಡೆಯನ್ನ ರೆಕಾರ್ಡ್ ಮಾಡಬೇಕು, ಲಿಪಿಗೆ ಇಳಿಸಬೇಕು. ಯಾರು ಬಾರಿಸಿದ್ದು, ಯಾರಿಂದ ಕಲಿತದ್ದು, ಯಾವ ಊರು, ಅದರ ಕೆಳಗೆ ಬರೀಬೇಕು. ಇದಕ್ಕೆ ಅಕಾಡೆಮಿಗೆ ಕಾಯೋದು ಬ್ಯಾಡ. ಮೊಬೈಲ್ ಎಲ್ಲರ ಕಿಸೆಯಲ್ಲೂ ಅದ. ಈ ಭಾನುವಾರವೇ ಶುರು ಮಾಡ್ರಿ.

4. 2021ರ ಜನವರಿ 6ಕ್ಕೆ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. 500 ಕೋಟಿ ರೂಪಾಯಿ ಯೋಜನೆ ಅಂದರು, 770 ಶರಣರ ನೆನಪಿಗೆ 770 ಕಂಬ ಅಂದರು. ಕಂಬ ಎಷ್ಟಾದರೂ ನಿಲ್ಲಿಸ್ರಿ. ಅದರೊಳಗೆ ಡಕ್ಕೆಯ ಬೊಮ್ಮಣ್ಣನ ಹೆಸರಲ್ಲಿ ಒಂದು ಸಂಗೀತ ಶಾಲೆ ಬೇಕು. ತಬಲಾ ಕಲಿಸೋ ಕೋಣೆಯ ಪಕ್ಕದಲ್ಲೇ ಹಲಗಿ ಕಲಿಸೋ ಕೋಣೆ ಇರಬೇಕು. ಕಲಿಸೋರು ನಮ್ಮ ಹಿರಿಯರು, ಮೇಷ್ಟ್ರ ಪಗಾರದ ಮ್ಯಾಲೆ. ಕಲಿಯೋಕೆ ಎಲ್ಲಾ ಜಾತಿಯ ಮಕ್ಕಳು ಬರಲಿ. ಮೇಲ್ಜಾತಿ ಹುಡುಗ ಒಬ್ಬ ನಮ್ಮ ಕಾಕಾನ ಮುಂದೆ ನೆಲಕ್ಕೆ ಕೂತು "ಗುರುಗಳೇ, ಇನ್ನೊಮ್ಮೆ ತೋರಿಸ್ರಿ" ಅನ್ನಬೇಕು. ಅವತ್ತು ನಾನು ಅದನ್ನ ಅನುಭವ ಮಂಟಪ ಅಂತೀನಿ. ಅಲ್ಲಿವರೆಗೆ ಅದು ಕಟ್ಟಡ.

5. ಇದು ನಮ್ಮ ಹುಡುಗ, ಹುಡುಗಿಯರಿಗೆ. ರಾಗ ಕಲೀರಿ, ಕೀಬೋರ್ಡ್ ಕಲೀರಿ, ಸ್ವರಲಿಪಿ ಬರೆಯೋದು ಕಲೀರಿ. ಆಮೇಲೆ ನಮ್ಮ ತಾಳದ ಮ್ಯಾಲೆ ದೊಡ್ಡ ರಚನೆ ಕಟ್ರಿ. ಐದು ನಿಮಿಷದ ರೀಲ್ಸ್ ಅಲ್ಲ, ಐವತ್ತು ನಿಮಿಷ ಕೂತು ಕೇಳೋ ಹಂಥದ್ದು. ಮೂವತ್ತು ಹಲಗಿ, ಒಂದು ಸಾರಂಗಿ, ಕಾಳವ್ವೆಯ ಮಾತು. ಬಾರಿಸು ಅಂತ ಯಾರೂ ಹುಕುಂ ಕೊಡದೆ, ನಮಗೆ ಬೇಕಾದಾಗ, ನಮಗೆ ಬೇಕಾದದ್ದಕ್ಕೆ. ಕೆಳಗೆ ಸಹಿ ಹಾಕೋದು ಮರೀಬ್ಯಾಡ್ರಿ.

ಹಲಗಿ ಬಿಡ್ರಿ ಅನ್ನೋರು ಕಮೆಂಟಿನಲ್ಲಿ ವಾದ ಮಾಡ್ರಿ, ಕೇಳ್ತೀನಿ. ಆದರೆ ಮೊದಲು ನಿಮ್ಮ ಊರಿನ ಒಬ್ಬ ಹಲಗಿ ಹಿರಿಯರ ಹೆಸರು ಬರೆದು ಆಮೇಲೆ ವಾದ ಶುರು ಮಾಡ್ರಿ. ಅವರನ್ನ ಕೇಳಿ, ಅವರು ಹ್ಞೂಂ ಅಂದ ಮ್ಯಾಲೆ ಬರೀರಿ.

ಶರಣು ಶರಣಾರ್ಥಿ. ಜೈ ಭೀಮ್.